ಬಾಣಲೆ ಕಾಣದ ಎಣ್ಣೆ

ತಂಗಿಯ ಮುಖವನ್ನು ಎರಡು ಮಹಡಿಯೆತ್ತರಕ್ಕೆ ಹಿಗ್ಗಿಸಿ ನಮ್ಮ ಕಾರ್ಖಾನೆಯ ಗೇಟಿನೆದುರೇ ನಿಲ್ಲಿಸಿದ್ದರು. ಊರಲ್ಲಿ ಬೋರ್ಡು ನೆಡಲು ಬೇರೆ ಜಾಗವೇ ಇರಲಿಲ್ಲವೆಂದರೆ ನಾನು ನಂಬುವವಳಲ್ಲ. ಬೇಕೆಂದೇ ಮಾಡಿದ ಕೆಲಸ ಅದು. ಬಿಳಿ ಕೋಟು, ಕೈಯಲ್ಲೊಂದು ಗಾಜಿನ ಫ್ಲಾಸ್ಕು, ಹಿಂದೆ ಮೂಗೆತ್ತಿ ನಿಂತ ವಿಮಾನ. ಕೆಳಗೆ ಆಳುದ್ದದ ಅಕ್ಷರಗಳಲ್ಲಿ 'ಬಾಣಲೆಯಿಂದ ಬಾನಿಗೆ' ಎಂದು ಬರೆದಿತ್ತು. ಕರಿದು ಬಿಟ್ಟ ಎಣ್ಣೆಯೊಂದರಿಂದಲೇ ಹಾರಿದ ಮೊದಲ ವಿಮಾನವಂತೆ, ಅದೂ ಒಂದು ಮರವನ್ನೂ ಕಡಿಯದೆ. ಬೆಳಿಗ್ಗೆ ಎಂಟಕ್ಕೆ ಒಳಗೆ ಹೋಗುವಾಗ ಒಮ್ಮೆ, ಸಂಜೆ ಐದೂವರೆಗೆ ಹೊರಗೆ ಬರುವಾಗ ಒಮ್ಮೆ, ದಿನಕ್ಕೆರಡು ಸಲ ಅವಳು ನನ್ನನ್ನು ನೋಡಿ ಹಲ್ಲು ಬಿಡುತ್ತಿದ್ದಳು.

ಫ್ಲಾಸ್ಕು ಹಿಡಿದ ರೀತಿಯೂ ತಪ್ಪು. ಬುಡ ಹಿಡಿದರೆ ಕೈಯ ಬಿಸಿ ಒಳಗಿನ ದ್ರವಕ್ಕೆ ತಾಗುತ್ತದೆ, ಕುತ್ತಿಗೆ ಹಿಡಿ ಎಂದು ಅವಳಿಗೆ ಹೇಳಿಕೊಟ್ಟವಳೇ ನಾನು. ಅವಳು ಹತ್ತನೇ ತರಗತಿಯಲ್ಲಿ ರಸಾಯನಶಾಸ್ತ್ರವೆಂದರೆ ಅಳುತ್ತಿದ್ದಳು. ಅಡುಗೆಮನೆಯ ಉಪ್ಪು, ಸೋಡಾ, ನಿಂಬೆಹುಳಿ ಮುಂದಿಟ್ಟುಕೊಂಡು ಅವಳ ತಲೆಗೆ ಅಷ್ಟಿಷ್ಟು ತುಂಬಿದ್ದು ಈ ಅಕ್ಕ. ಬೋರ್ಡಿನಲ್ಲಿ ಅದನ್ನು ಬರೆಯಲು ಜಾಗ ಸಾಲದೇ ಹೋಯಿತೇನೋ!

ನಮ್ಮೂರಲ್ಲಿ ವಿಮಾನ ಕಟ್ಟುವ ಕಂಪನಿಗಳು ಎರಡು. ನಡುವೆ ಹೊಳೆ. ಈ ದಡದ್ದು ಈಚೆ ಕಂಪನಿ, ಆ ದಡದ್ದು ಆಚೆ ಕಂಪನಿ. ನಿಜವಾದ ಹೆಸರು ಅಂಚೆಯವನಿಗೆ ಬಿಟ್ಟು ಯಾರಿಗೂ ಬೇಕಿಲ್ಲ. ಈಚೆಯವರು ಉದ್ದ ರೆಕ್ಕೆ ಮಾಡಿದರೆ ಆಚೆಯವರು ಇನ್ನೂ ಒಂದು ಮೊಳ ಉದ್ದ ಮಾಡುತ್ತಾರೆ. ಅವರ ಸೀಟು ಅಗಲವಾದರೆ ನಮ್ಮದು ಅದಕ್ಕಿಂತ ಅಗಲ. ಕೊಳ್ಳುವ ಏರ್‌ಲೈನುಗಳು ಈಗ ಹೊಗೆ ಲೆಕ್ಕ ಕೇಳತೊಡಗಿದ ಮೇಲೆ ಜಗಳ ಇಂಧನಕ್ಕೆ ಬಂದು ನಿಂತಿತ್ತು. ನಾವು ಕಾಲು ಭಾಗ ಕರಿದ ಎಣ್ಣೆಯ ಇಂಧನದಲ್ಲಿ ಹಾರಿಸಿದೆವು, ಅವರು ಅರ್ಧ ಎಂದರು. ನಾವು ಮುಕ್ಕಾಲು ಎಂದೆವು, ಅವರು ಪೂರ್ತಿ ಹಾರಿಸಿಯೇಬಿಟ್ಟರು. ಈಚೆಯ ಇಂಧನ ಲ್ಯಾಬಿನಲ್ಲಿ ಇಪ್ಪತ್ತನಾಲ್ಕು ವರ್ಷದಿಂದ ಬಾಟಲಿ ತೊಳೆದು, ಮೂಸಿ, ಅಳೆದು ಹಿರಿಯ ಪರೀಕ್ಷಕಿಯಾದವಳು ನಾನು. ಆಚೆಯಲ್ಲಿ ಒಂಬತ್ತೇ ವರ್ಷಕ್ಕೆ ಇಂಧನ ವಿಭಾಗದ ಮುಖ್ಯಸ್ಥೆಯಾದವಳು ಅವಳು.

ಹೊಟ್ಟೆಕಿಚ್ಚು ಎಂದು ಯಾರಾದರೂ ಅಂದರೆ ಅಲ್ಲವೆನ್ನುವುದಿಲ್ಲ. ಕಿಚ್ಚೇ. ಊಟಕ್ಕೆ ಮುಂಚೆಯೂ ಇರುತ್ತಿತ್ತು, ಊಟವಾದ ಮೇಲೂ ಇರುತ್ತಿತ್ತು.

ಬೋರ್ಡು ಎದ್ದ ವಾರದ ಭಾನುವಾರ ಅವಳು ಊಟಕ್ಕೆ ಬಂದಳು. ಅಮ್ಮ ಇರುವುದು ನನ್ನ ಜೊತೆ. ಈಚೆ ಕಂಪನಿಯಲ್ಲಿ ಮೂವತ್ತು ವರ್ಷ ಸೀಟಿನ ಕವರು ಹೊಲಿದವಳು. 'ನಾನು ಹೊಲ್ದಿದ್ರ ಮೇಲೆ ಅರ್ಧ ಪ್ರಪಂಚ ಕೂತೆದ್ದಿದೆ' ಎಂದು ಹೇಳಿಕೊಳ್ಳುವುದು ಅವಳ ಚಾಳಿ. ಅಂಥ ಹಳೆಯ ಈಚೆಯವಳು ಕೂಡ ಚಿಕ್ಕ ಮಗಳು ಬಂದಳೆಂದರೆ ಆಚೆಯವಳಾಗಿಬಿಡುತ್ತಾಳೆ. ದಿನಾ ಮಾತ್ರೆ ಎಣಿಸಿ ಕೊಡುವವಳು ಹಿತ್ತಲ ಗಿಡ, ತಿಂಗಳಿಗೊಮ್ಮೆ ಬರುವವಳು ಸಂಜೀವಿನಿ.

ತಂಗಿ ಚೀಲದಿಂದ ಒಂದು ಪುಟ್ಟ ಪೆಟ್ಟಿಗೆ ತೆಗೆದು ಅಮ್ಮನ ಕೈಗಿಟ್ಟಳು. ಒಳಗೆ ಮರದ ಪೀಠ, ಅದರ ಮೇಲೆ ಹೆಬ್ಬೆರಳು ಗಾತ್ರದ ಗಾಜಿನ ನಳಿಗೆ, ನಳಿಗೆಯಲ್ಲಿ ಜೇನಿನ ಬಣ್ಣದ ಎಣ್ಣೆ.

"ವಿಮಾನ ಹಾರಿಸಿದ್ದು ಇದರಲ್ಲೇ ಅಮ್ಮ. ಇಂಧನ ಮಾಡೋಕೆ ಮುಂಚೆ ಹೀಗಿರುತ್ತೆ. ಕೆಲಸದವರ ಮನೆಗೆಲ್ಲ ಒಂದೊಂದು ಕೊಟ್ರು."

"ನೋಡೇ, ಎಷ್ಟು ತಿಳಿಯಾಗಿದೆ!" ಅಮ್ಮ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನನ್ನ ಕಡೆ ತಿರುಗಿದಳು. "ನಿಮ್ಮಲ್ಲೂ ಹಿಂಗೇ ಇರುತ್ತಾ?"

"ನಮ್ಮದು ಇದಕ್ಕಿಂತ ತಿಳಿ" ಎಂದೆ. ಸುಳ್ಳಲ್ಲ ಅದು. ನಮ್ಮದು ನಿಜಕ್ಕೂ ಇನ್ನೂ ತಿಳಿಯಾಗಿತ್ತು.

ಊಟದ ನಡುವೆ ತಂಗಿ ಅನ್ನ ಕಲಸುವುದನ್ನು ನಿಲ್ಲಿಸಿ ಹೇಳಿದಳು: "ಅಕ್ಕಾ, ನಿನ್ನ ಹತ್ರ ಒಂದು ವಿಷ್ಯ ಕೇಳ್ಬೇಕಿತ್ತು. ಹೋದ ತಿಂಗಳು ಎಣ್ಣೆ ಬರೋ ಕಡೆ ಹೋಗಿದ್ದೆ."

"ಕಂಪನಿ ಖರ್ಚಲ್ಲಾ?"

"ಹೂಂ. ಹಡಗಿಗೆ ತುಂಬ್ಸೋ ಜಾಗ. ಅಲ್ಲಿಂದ ಒಂದಷ್ಟು ಒಳಗೂ ಹೋದೆ. ಜೌಗು ಕಾಡಿತ್ತಂತೆ ಮೊದ್ಲು. ಈಗ ಕಣ್ಣು ಹಾಯಿಸಿದಷ್ಟೂ ಒಂದೇ ಥರದ ಎಣ್ಣೆ ಮರ, ಸಾಲುಸಾಲು. ನೀರು ಬಸಿದು ಕಾಲುವೆ ತೋಡಿದ್ದಾರೆ. ನೆಲದೊಳಗಿಂದಾನೇ ಹೊಗೆ ಬರ್ತಿತ್ತು ಅಕ್ಕ. ಉರಿ ಕಾಣ್ಸಲ್ಲ, ಹೊಗೆ ಮಾತ್ರ. ಅಲ್ಲಿನ ಹೆಂಗಸ್ರು ಮಕ್ಕಳ ಮೂಗಿಗೆ ಒದ್ದೆ ಬಟ್ಟೆ ಕಟ್ಟಿ—"

"ನಮ್ಮನ್ನೆಲ್ಲ ಯಾರು ಕಳಿಸ್ತಾರಮ್ಮ ಅಂಥ ಕಡೆಗೆಲ್ಲ! ನಾನು ಪಾತ್ರೆ ತೊಳೀಬೇಕು" ಎಂದು ಎದ್ದೆ.

ಅವಳು ಮತ್ತೇನೋ ಹೇಳಲು ಬಾಯಿ ತೆರೆದದ್ದು ಕಂಡಿತ್ತು. ಕಾಣದವಳಂತೆ ನಲ್ಲಿ ಬಿಟ್ಟೆ. ಕಂಪನಿ ಟಿಕೆಟಿನಲ್ಲಿ ಹಡಗುಕಟ್ಟೆ ನೋಡಿ ಬಂದವಳ ಪ್ರವಾಸದ ಕಥೆ ಕೇಳುವಷ್ಟು ಒಳ್ಳೆಯತನ ಆ ದಿನ ನನ್ನಲ್ಲಿರಲಿಲ್ಲ.

ಅವಳು ಹೋದ ಮೇಲೆ ಅಮ್ಮ ಮಲಗಿದಳು. ನಳಿಗೆ ಹೊಲಿಗೆ ಯಂತ್ರದ ಮೇಲೆ ದೇವರ ಹಾಗೆ ಕೂತಿತ್ತು. ಬಿರಡೆ ತೆಗೆದು ಮೂಸಿದೆ, ಅಭ್ಯಾಸಬಲ. ಕರಿದ ಎಣ್ಣೆಗೆ ಒಂದು ಹಳಸಲು ವಾಸನೆ ಇರುತ್ತದೆ, ಎಷ್ಟು ಸೋಸಿದರೂ ಮೂಗಿನ ತುದಿಗೆ ಅಂಟುತ್ತದೆ. ಇದರಲ್ಲಿ ಅದಿರಲಿಲ್ಲ. ಮತ್ತೆ ಮೂಸಿದೆ. ಎದೆಯಲ್ಲಿ ಒಂದು ಸಣ್ಣ ಖುಷಿ ಎದ್ದು ಕೂತಿತು, ಬೇರೆಯವರ ಮನೆಯ ಜಗಳ ಗೋಡೆಯಾಚೆ ಕೇಳಿಸಿದಾಗ ಏಳುವಂಥದ್ದು. ಅರ್ಧ ಎಣ್ಣೆಯನ್ನು ಔಷಧಿಯ ಖಾಲಿ ಸೀಸೆಗೆ ಬಸಿದುಕೊಂಡೆ. ಕಡಿಮೆಯಾದದ್ದು ಗೊತ್ತಾಗದಿರಲೆಂದು ನಳಿಗೆಗೆ ನಮ್ಮ ಅಡುಗೆಮನೆಯ ಎಣ್ಣೆ ತುಂಬಿಟ್ಟೆ. ಬಣ್ಣ ಸ್ವಲ್ಪವೂ ಬದಲಾಗಲಿಲ್ಲ.

ಸೋಮವಾರ ಎಲ್ಲರಿಗಿಂತ ಮುಂಚೆ ಲ್ಯಾಬಿಗೆ ಹೋದೆ.

ಎಣ್ಣೆ ಒಮ್ಮೆ ಬಾಣಲೆಯಲ್ಲಿ ಕಾದರೆ ಅದರ ಅಣುಗಳು ಒಂದಕ್ಕೊಂದು ಅಂಟಿಕೊಂಡು ಗಂಟಾಗುತ್ತವೆ. ಬಟ್ಟೆಯಲ್ಲಿ ಸೋಸಿ, ಮಣ್ಣಲ್ಲಿ ಸೋಸಿ, ಬಣ್ಣ ತೆಗೆಯಿರಿ, ಆ ಗಂಟು ಹೋಗುವುದಿಲ್ಲ. ಲ್ಯಾಬಿನ ಪರೀಕ್ಷಾ ಯಂತ್ರಕ್ಕೆ ಒಂದು ಹನಿ ಕೊಟ್ಟರೆ ಮುಕ್ಕಾಲು ಗಂಟೆಯಲ್ಲಿ ಕಾಗದದ ಮೇಲೊಂದು ಗೆರೆ ಬರುತ್ತದೆ. ಬಾಣಲೆ ಕಂಡ ಎಣ್ಣೆಯ ಗೆರೆಯಲ್ಲಿ ಎಡಗಡೆ ಒಂದು ಉಬ್ಬು. ನಾವು ಅದನ್ನು ಗೂನು ಎನ್ನುತ್ತೇವೆ. ಆದರೆ ಟ್ಯಾಂಕರ್ ಬಂದಾಗ ತುಂಬುವ ಫಾರಂನಲ್ಲಿ ಗೂನಿಗೆ ಜಾಗವೇ ಇಲ್ಲ. ಹುಳಿ ಎಷ್ಟು, ನೀರೆಷ್ಟು, ಲೋಹವೆಷ್ಟು, ಬಣ್ಣವೇನು, ಅಷ್ಟೇ. ಕಸದ ಎಣ್ಣೆಯ ಹೆಸರಲ್ಲಿ ಹೊಸ ಎಣ್ಣೆ ಮಾರುವ ಹುಚ್ಚ ಎಲ್ಲಾದರೂ ಇದ್ದಾನೆಯೇ ಎಂಬುದು ಫಾರಂ ಬರೆದವರ ಯೋಚನೆ. ಎರಡೂ ದಡದವರು ಕಚ್ಚಾಡಿ ಕಚ್ಚಾಡಿ ಕಸದ ಎಣ್ಣೆಯನ್ನೇ ಹೊಸದಕ್ಕಿಂತ ತುಟ್ಟಿ ಮಾಡಿಟ್ಟದ್ದು ಅವರಿಗೇನು ಗೊತ್ತು.

ತಂಗಿಯ ಎಣ್ಣೆಯ ಗೆರೆ ಬಂತು. ಎಡಗಡೆ ಚಪ್ಪಟೆ, ಇಸ್ತ್ರಿ ಮಾಡಿದ ಸೆರಗಿನ ಹಾಗೆ. ಗೂನು ಇಲ್ಲ. ಅದು ಜನ್ಮದಲ್ಲಿ ಬಾಣಲೆ ಕಂಡ ಎಣ್ಣೆಯಲ್ಲ. ಯಾವುದೋ ಕಾಡು ಸುಟ್ಟು ನೆಟ್ಟ ಮರದ ಹಣ್ಣು ಹಿಂಡಿ, ನೇರ ಹಡಗಿಗೆ ಸುರಿದದ್ದು.

ನಿಜ ಹೇಳುತ್ತೇನೆ, ಆ ಕ್ಷಣ ನನಗೆ ಕಾಡಿನ ನೆನಪಾಗಲಿಲ್ಲ. ಒದ್ದೆ ಬಟ್ಟೆ ಕಟ್ಟಿದ ಮಕ್ಕಳ ನೆನಪೂ ಆಗಲಿಲ್ಲ. ಬೋರ್ಡು ಇಳಿಸುವ ಕ್ರೇನು ಕಣ್ಣಮುಂದೆ ಬಂತು. ಅಮ್ಮ 'ಅಯ್ಯೋ, ಹೌದೇನೇ?' ಅನ್ನುವುದು ಕೇಳಿಸಿತು. ಹಾಲು ಕುಡಿದಷ್ಟು ಸಂತೋಷವಾಯಿತು.

ಆದರೆ ನಾನು ಹಳೆಯ ಕಾಲದ ಪರೀಕ್ಷಕಿ. ತಪ್ಪು ಮಾದರಿಯ ಪಕ್ಕ ಸರಿ ಮಾದರಿಯ ಗೆರೆ ಇಟ್ಟು ತೋರಿಸದೆ ವರದಿ ಬರೆಯುವುದು ನನ್ನ ಕೈಗೆ ಬರುವುದಿಲ್ಲ. ಬಂದ ಪ್ರತಿ ಟ್ಯಾಂಕರಿನಿಂದ ಒಂದು ಲೀಟರು ತೆಗೆದು ಕಂದು ಬಾಟಲಿಗೆ ತುಂಬಿ, ಅರಗು ಹಾಕಿ, ಪರೀಕ್ಷಕಿಯ ಸಹಿ ಅಂಟಿಸಿ ಎರಡು ವರ್ಷ ತಣ್ಣನೆಯ ಕೋಣೆಯಲ್ಲಿಡುವುದು ನಮ್ಮ ಪದ್ಧತಿ. ಒಳಗೆ ಹೋಗಿ ನಮ್ಮ ಇತ್ತೀಚಿನ ಟ್ಯಾಂಕರಿನ ಬಾಟಲಿ ತಂದೆ. ಅರಗಿನ ಕೆಳಗೆ ನನ್ನದೇ ಸಹಿ, ಷರಾ ಜಾಗದಲ್ಲಿ ನನ್ನದೇ ದುಂಡು ಅಕ್ಷರದಲ್ಲಿ 'ಅತ್ಯುತ್ತಮ'. ಯಂತ್ರಕ್ಕೆ ಒಂದು ಹನಿ ಕೊಟ್ಟು ಚಹಾ ಕುಡಿಯಲು ಕೂತೆ.

ಗೆರೆ ಬಂತು. ಚಪ್ಪಟೆ.

ಯಂತ್ರ ಕೆಟ್ಟಿದೆ ಎಂದುಕೊಂಡೆ. ತೊಳೆದು ಮತ್ತೆ ಹಾಕಿದೆ, ಮತ್ತೆ ಚಪ್ಪಟೆ. ಅದರ ಹಿಂದಿನ ಟ್ಯಾಂಕರು, ಅದರ ಹಿಂದಿನದು. ಕೊನೆಗೆ ಖಾಲಿ ಸೀಸೆಯೊಂದನ್ನು ಹಿಡಿದುಕೊಂಡು ಕ್ಯಾಂಟೀನಿಗೆ ಓಡಿದೆ.

"ಅಣ್ಣಾ, ಕರಿದ ಎಣ್ಣೆ ಸ್ವಲ್ಪ ಕೊಡ್ತೀಯಾ?"

ಅಡುಗೆಯವನು ಅನುಮಾನದಿಂದ ನೋಡಿದ. "ಯಾಕಮ್ಮ, ಯಾರಾದ್ರೂ ಹೊಟ್ಟೆನೋವು ಅಂದ್ರಾ? ನಾನು ದಿನಾ ಬದಲಾಯಿಸ್ತೀನಿ."

"ಬದಲಾಯಿಸದೇ ಇರೋದೇ ಬೇಕು ನನಗೆ. ಇರೋದ್ರಲ್ಲಿ ಹಳೇದು ಕೊಡು."

"ಹಂಗಾದ್ರೆ ಇದೆ" ಎಂದು ಮೂಲೆಯ ಡಬ್ಬದಿಂದ ಕಪ್ಪಗಿನದೊಂದು ಸೌಟು ಸುರಿದ. ಯಂತ್ರ ಅದರ ಗೆರೆಯಲ್ಲಿ ಒಂಟೆಯ ಡುಬ್ಬದಂಥ ಗೂನು ಎತ್ತಿತು. ಯಂತ್ರಕ್ಕೇನೂ ಆಗಿರಲಿಲ್ಲ.

ಸ್ಟೂಲಿನ ಮೇಲೆ ಕೂತುಬಿಟ್ಟೆ. ಎಣ್ಣೆ ವ್ಯಾಪಾರಿ ಎರಡೂ ದಡಕ್ಕೆ ಒಬ್ಬನೇ ಎಂಬುದು ನನಗೆ ಗೊತ್ತಿದ್ದ ಸಂಗತಿ. ಎರಡು ವರ್ಷದ ಹಿಂದೆ ಅವನಿಗೆ ಫೋನ್ ಮಾಡಿ, 'ಆಚೆಯವರಿಗೆ ಕೊಡೋದಕ್ಕಿಂತ ತಿಳಿಯಾದ್ದು ನಮಗೆ ಕೊಡಿ, ಇಲ್ಲಾಂದ್ರೆ ಟ್ಯಾಂಕರ್ ವಾಪಸ್ಸು' ಎಂದು ಗದರಿದವಳು ನಾನೇ. ಮುಂದಿನ ಸಲ ತಿಳಿಯಾದದ್ದು ಬಂತು. ಆಚೆಯವರೂ ಹಾಗೇ ಗದರಿರಬೇಕು, ಅವರಿಗೂ ತಿಳಿಯಾದದ್ದು ಹೋಯಿತು. ಕೊಳಕು ಎಣ್ಣೆಯನ್ನು ಎಷ್ಟು ತೊಳೆದರೆ ಇಷ್ಟು ತಿಳಿಯಾಗುತ್ತದೆ ಎಂದು ಯಾವ ಪರೀಕ್ಷಕಿಯಾದರೂ ಕೇಳಬೇಕಿತ್ತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಮಕ್ಕಳಿಗೂ ಗೊತ್ತು. ನಾನು ಕೇಳಲಿಲ್ಲ. ನನಗೆ ಬೇಕಾಗಿದ್ದದ್ದು ತಂಗಿಯ ಎಣ್ಣೆಗಿಂತ ತಿಳಿಯಾದ ಎಣ್ಣೆ, ಅದು ಸಿಕ್ಕಿತ್ತು. ಇಪ್ಪತ್ತೆರಡು ಟ್ಯಾಂಕರು, ಇಪ್ಪತ್ತೆರಡು 'ಅತ್ಯುತ್ತಮ'.

ಮಾರನೇ ದಿನ ಎರಡೂ ವರದಿಗಳನ್ನು ನಮ್ಮ ವಿಭಾಗದ ದೊಡ್ಡವನ ಮುಂದಿಟ್ಟೆ. ಅವನಿಗೆ ನಾವಿಟ್ಟ ಹೆಸರು ಥರ್ಮಾಮೀಟರು. ವಿಮಾನಕ್ಕೆ ಬೇಡಿಕೆ ಬಂದರೆ ಏರುತ್ತಾನೆ, ಆಚೆಯವರಿಗೆ ಬಂದರೆ ಇಳಿಯುತ್ತಾನೆ. ಮೊದಲನೆಯ ವರದಿ ಓದಿ ಕುರ್ಚಿಯಲ್ಲೇ ಕುಪ್ಪಳಿಸಿದ. ಎರಡನೆಯದನ್ನು ಓದಿ ಮುಗಿಸಿ ಮೇಜಿನ ಮೇಲೆ ಬೋರಲು ಹಾಕಿದ.

"ಇದನ್ನ ಯಾಕೆ ಮಾಡೋಕೆ ಹೋದ್ರಿ?"

"ಹೋಲಿಕೆಗೆ ಬೇಕಿತ್ತು ಸರ್."

"ಆ ಬಾಟಲಿ ನೀವು ತೆಗೆದೇ ಇಲ್ಲ ಅಂದ್ಕೊಳ್ಳಿ. ಹೋಲಿಕೆಗೆ ಕ್ಯಾಂಟೀನ್ ಎಣ್ಣೆ ಇದೆಯಲ್ಲ, ಸಾಕು." ನಂತರ ಅವನ ದನಿ ಬೆಣ್ಣೆಯಾಯಿತು. "ಅವರದ್ದನ್ನ ನಾಳೆ ಇಂಧನ ಮಂಡಳಿಗೆ ನೀವೇ ಹೋಗಿ ಕೊಟ್ಟು ಬನ್ನಿ. ನಮ್ಮಲ್ಲೂ ಇಂಧನಕ್ಕೆ ಅಂತ ಒಬ್ಬ ಮುಖ್ಯಸ್ಥರು ಬೇಕು ಅಂತ ಮೇಲಿನವರು ಬಹಳ ದಿನದಿಂದ ಹೇಳ್ತಾನೇ ಇದ್ದಾರೆ. ಹೊರಗಿನವರು ಯಾಕೆ?"

"ಅವರನ್ನ ಹಿಡಿದ ಮೇಲೆ ಮಂಡಳಿ ನಮ್ಮ ಕಡೆ ನೋಡಲ್ವಾ ಸರ್?"

"ನೋಡೋ ಹೊತ್ತಿಗೆ ನಮ್ಮ ತಣ್ಣನೆ ಕೋಣೆ ಖಾಲಿ ಇರುತ್ತೆ ಬಿಡಿ."

ಹೊರಗೆ ಬಂದು ನನ್ನ ವರದಿಯನ್ನು ಮೇಜಿನ ಡ್ರಾಯರಿನಲ್ಲಿಟ್ಟು ಬೀಗ ಹಾಕಿದೆ. ತಂಗಿಯದನ್ನು ಲಕೋಟೆಗೆ ಹಾಕಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಹೆಗಲು ಒರೆಸಿಕೊಂಡು, ಪಕ್ಕದವಳ ಹೆಗಲು ತೋರಿಸಲು ಹೊರಟಿದ್ದೆ. ಅದು ಗೊತ್ತಿರಲಿಲ್ಲ ಎಂದಲ್ಲ. ಗೊತ್ತಿತ್ತು. ಮುಖ್ಯಸ್ಥೆ ಎಂಬ ಶಬ್ದ ರಾತ್ರಿಯಿಡೀ ಬಾಯಲ್ಲಿ ಸಕ್ಕರೆಯ ಹಾಗೆ ಕರಗಿತು. ಅವಳು ಇಳಿಯಬೇಕು, ನಾನು ಏರಬೇಕು, ಒಂದೇ ವಾರದಲ್ಲಿ. ಇಷ್ಟು ವರ್ಷಕ್ಕೆ ಒಂದು ವಾರ ಕೇಳಿದರೆ ದುರಾಸೆಯೇ?

ಬುಧವಾರ ಮಧ್ಯಾಹ್ನ ಮೂರಕ್ಕೆ ಸರ್ಕಾರದ ಇಂಧನ ಮಂಡಳಿಯ ಕಚೇರಿಯಲ್ಲಿದ್ದೆ. ಸೇತುವೆಯ ಪಕ್ಕದ ಎರಡಂತಸ್ತಿನ ಕಟ್ಟಡ, ದೂರು ತೆಗೆದುಕೊಳ್ಳುವುದು ಕೆಳಗಿನ ಕಿಟಕಿಯಲ್ಲಿ. ಗುಮಾಸ್ತೆ ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು ಅದನ್ನೇ ಮೇಜಿನ ಮೇಲೆಲ್ಲ ಹುಡುಕುತ್ತಿದ್ದಳು.

"ತಲೆ ಮೇಲಿದೆ" ಎಂದೆ.

"ಅಯ್ಯೋ ನನ್ನ ಬುದ್ಧಿಗಿಷ್ಟು!" ಕನ್ನಡಕ ಇಳಿಸಿಕೊಂಡಳು. "ಯಾವುದ್ರ ಬಗ್ಗೆ?"

"ಕರಿದ ಎಣ್ಣೆ ಇಂಧನ. ಆಚೆ ಕಂಪನಿದು."

"ಇನ್ನೊಂದಾ? ಈ ಪುಸ್ತಕ ತೆರೆದು ಆರು ತಿಂಗಳಾಯ್ತು, ಒಬ್ಬರೂ ಬಂದಿರಲಿಲ್ಲ. ಇವತ್ತು ಒಂದೇ ದಿನ ಎರಡು." ನೋಂದಣಿ ಪುಸ್ತಕವನ್ನು ನನ್ನ ಕಡೆ ತಿರುಗಿಸಿದಳು. "ಆ ಗೆರೆ ಕೆಳಗೆ ಬರೀರಿ. ಬೆಳಿಗ್ಗೆ ನಾನು ಬೀಗ ತೆಗೆಯೋ ಮುಂಚೇನೇ ಬಂದು ನಿಂತಿದ್ರು ಆ ಯಮ್ಮ. ಕೂತ್ಕೊಳ್ಳಿ ಅಂದ್ರೂ ಕೂರಲಿಲ್ಲ."

ಕ್ರಮಸಂಖ್ಯೆ ಒಂದು. ಎಡಕ್ಕೆ ವಾಲಿದ ಆ ಅಕ್ಷರ ನಾನು ತಿದ್ದಿ ತಿದ್ದಿ ಸೋತದ್ದು. ದೂರು ಯಾರ ಮೇಲೆ ಎಂಬ ಕಡೆ ಆಚೆ ಕಂಪನಿ ಎಂದು ಬರೆದು, ಅದರ ಮುಂದೆ ತನ್ನ ಹೆಸರನ್ನೂ ಬರೆದಿದ್ದಳು. ಕಾರಣದ ಕಡೆ ಎರಡೇ ಸಾಲು: 'ಎಣ್ಣೆ ಕರಿದದ್ದಲ್ಲ, ಕಾಡು ಕಡಿದು ಬೆಳೆದದ್ದು. ಪರೀಕ್ಷಿಸದೆ ಸಹಿ ಹಾಕಿದವಳು ನಾನು.'

ಮೊದಲು ನನಗೆ ಏನನ್ನಿಸಿತು ಎಂದು ಮುಚ್ಚಿಡುವುದಿಲ್ಲ. ಇದರಲ್ಲೂ ಇವಳೇ ಮೊದಲು! ಬಹುಮಾನದಲ್ಲಿ ಮೊದಲು, ಬೋರ್ಡಿನಲ್ಲಿ ಮೊದಲು, ಈಗ ತಪ್ಪೊಪ್ಪಿಕೊಳ್ಳುವುದರಲ್ಲೂ ಮೊದಲು. ಮೈಯೆಲ್ಲ ಉರಿಯಿತು. ಆ ಉರಿ ಇಳಿದ ಮೇಲೆ ಉಳಿದದ್ದು ಕೈಯಲ್ಲಿದ್ದ ಲಕೋಟೆ. ಅದರೊಳಗೆ ಅವಳ ಹೆಸರಿತ್ತು, ನನ್ನದಿರಲಿಲ್ಲ. ಅವಳು ತಾನಾಗಿ ಬಂದು ತಲೆ ಕೊಟ್ಟ ಜಾಗಕ್ಕೆ ನಾನು ಅವಳ ತಲೆ ತೆಗೆಯಲು ಬಂದಿದ್ದೆ. ನಾಚಿಕೆಯಾಯಿತು. ಗುಮಾಸ್ತೆಯ ಮುಖ ನೋಡಲಾಗದಷ್ಟು ನಾಚಿಕೆಯಾಯಿತು.

"ಬರೀತೀರಾ?"

"ಕಿಟಕಿ ಎಷ್ಟೊತ್ತಿನವರೆಗೆ ತೆರೆದಿರುತ್ತೆ?"

"ಐದಕ್ಕೆ ಮುಚ್ತೀನಿ. ಒಂದು ನಿಮಿಷ ಹೆಚ್ಚಿಲ್ಲ."

ಆಟೋ ಸಿಗಲಿಲ್ಲ. ನಡೆದೆ, ಆಮೇಲೆ ಓಡಿದೆ, ಈ ವಯಸ್ಸಿಗೆ ಎಷ್ಟು ಓಡಬಹುದೋ ಅಷ್ಟು. ಗೇಟಿನೆದುರು ತಂಗಿ ಎಂದಿನಂತೆ ಫ್ಲಾಸ್ಕಿನ ಬುಡ ಹಿಡಿದು ನಿಂತಿದ್ದಳು. ಲ್ಯಾಬಿನಲ್ಲಿ ಥರ್ಮಾಮೀಟರು ಇಬ್ಬರು ಕೂಲಿಯವರನ್ನು ನಿಲ್ಲಿಸಿಕೊಂಡು ತಣ್ಣನೆಯ ಕೋಣೆಯ ಬಾಗಿಲು ತೆಗೆಸುತ್ತಿದ್ದ. ನನ್ನನ್ನು ಕಂಡು ಹೆಬ್ಬೆರಳೆತ್ತಿದ.

"ಕೊಟ್ರಾ?"

"ಒಂದು ಕಾಗದ ಬಿಟ್ಟು ಹೋಗಿದ್ದೆ ಸರ್" ಎಂದೆ.

ಡ್ರಾಯರಿನಿಂದ ನನ್ನ ವರದಿ ತೆಗೆದೆ. ಅವನನ್ನು ದಾಟಿಕೊಂಡು ಕೋಣೆಯೊಳಗೆ ಹೋಗಿ, 'ಅತ್ಯುತ್ತಮ' ಎಂದು ಬರೆದ ಎರಡು ಬಾಟಲಿಗಳನ್ನು ಎತ್ತಿ ಕೈಚೀಲಕ್ಕೆ ಹಾಕಿಕೊಂಡೆ. ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಏಯ್, ಅದು ಕಂಪನಿ ಆಸ್ತಿ ಕಣ್ರೀ! ಎಲ್ಲಿಗೆ ಒಯ್ತಿದ್ದೀರಾ?"

"ಸಹಿ ನನ್ನದು ಸರ್."

"ನಾಳೆಯಿಂದ ಬರಬೇಡಿ ಹಾಗಾದ್ರೆ!"

ಬಾಟಲಿಗಳು ಒಂದಕ್ಕೊಂದು ತಾಗದ ಹಾಗೆ ಚೀಲವನ್ನು ಎದೆಗವಚಿಕೊಂಡು ಸೇತುವೆಯವರೆಗೆ ಬಂದೆ. ಐದಕ್ಕೆ ಏಳು ನಿಮಿಷವಿತ್ತು. ಗುಮಾಸ್ತೆ ಆಗಲೇ ಚೀಲ ಹೆಗಲಿಗೇರಿಸಿದ್ದಳು. ಕ್ರಮಸಂಖ್ಯೆ ಎರಡರ ಎದುರು ಈಚೆ ಕಂಪನಿ ಎಂದು ಬರೆದು, ಮುಂದೆ ನನ್ನ ಹೆಸರು ಬರೆದೆ. ಅವಸರಕ್ಕೆ ದುಂಡಕ್ಷರ ದುಂಡಗೆ ಬರಲಿಲ್ಲ. ತಂಗಿಯ ಮೇಲಿನ ಲಕೋಟೆಯನ್ನು ಚೀಲದ ತಳದಲ್ಲೇ ಬಿಟ್ಟೆ.

ಹೊರಗೆ ಮೆಟ್ಟಿಲ ಮೇಲೆ ಕೂತು ಅವಳಿಗೆ ಫೋನ್ ಮಾಡಿದೆ. ಮೊದಲ ರಿಂಗಿಗೇ ಎತ್ತಿದಳು.

"ಎಲ್ಲಿದ್ದೀಯಾ?"

"ಮನೇಲಿ. ಹನ್ನೊಂದಕ್ಕೇ ಕಳಿಸಿಬಿಟ್ರು. ಗೇಟ್ ಪಾಸೂ ಇಸ್ಕೊಂಡ್ರು." ಮೂಗು ಕಟ್ಟಿದ ದನಿ. "ನೀನು?"

"ಮಂಡಳಿ ಕಚೇರಿ ಮುಂದೆ."

"ಯಾಕೆ ಅಕ್ಕಾ?"

ಸುಳ್ಳು ಹೇಳಬಹುದಿತ್ತು. ನಾಲಿಗೆಯ ತುದಿಗೆ ಎರಡು ಮೂರು ಬಂದವು ಕೂಡ. "ನಿನ್ನ ಮೇಲೆ ದೂರು ಕೊಡೋಕೆ ಬಂದಿದ್ದೆ. ಅಮ್ಮಂಗೆ ಕೊಟ್ಟ ಎಣ್ಣೆ ಕದ್ದು ಪರೀಕ್ಷೆ ಮಾಡಿದೆ."

"ಕೊಟ್ಯಾ?"

"ನೀನು ಎಲ್ಲಿ ಉಳಿಸಿದ್ದೀಯಾ ನನಗೆ! ನನ್ನ ಮೇಲೆ ಕೊಟ್ಟು ಬಂದೆ. ನಮ್ಮದೂ ಅದೇ ಎಣ್ಣೆ ಕಣೇ. ಇಪ್ಪತ್ತೆರಡು ಟ್ಯಾಂಕರ್. ನಂಗೂ ನಾಳೆಯಿಂದ ಬರಬೇಡಿ ಅಂದ್ರು."

"ಅಯ್ಯೋ ಅಕ್ಕಾ." ಅವಳು ಉಸಿರೆಳೆದುಕೊಂಡಳು. "ಭಾನುವಾರ ನಿನ್ನನ್ನ ಅದೇ ಕೇಳೋಣ ಅಂತ ಬಂದಿದ್ದೆ. ನಮ್ಮಲ್ಲಿ ಗೂನು ಪರೀಕ್ಷೆ ಯಾರೂ ಮಾಡಲ್ಲ, ನಾನು ಮಾಡಿದ್ದು ಸರಿ ಇದೆಯೋ ಇಲ್ವೋ ಅಂತ ಭಯ. ನೀನು ಒಂದ್ಸಲ ನೋಡಿದ್ರೆ ಧೈರ್ಯ ಬರ್ತಿತ್ತು. ನೀನು ಪಾತ್ರೆ ತೊಳೆಯೋಕೆ ಎದ್ದು ಹೋದೆ."

ಅವಳು ಹೊಗೆಯ ಕಥೆ ಹೇಳುವಾಗ ನಾನು ಟಿಕೆಟಿನ ಲೆಕ್ಕ ಹಾಕುತ್ತಿದ್ದೆ. ಮೂರು ದಿನ ಅವಳು ಒಬ್ಬಳೇ ಹೆದರಿಕೊಂಡು ಓಡಾಡಿದ್ದಳು, ನಾನು ಹಾಲು ಕುಡಿದವಳಂತೆ ಓಡಾಡಿದ್ದೆ.

"ಸರಿ ಇತ್ತು ನಿನ್ನ ಪರೀಕ್ಷೆ" ಎಂದೆ ಕೊನೆಗೆ. "ಸರಿಯಾಗೇ ಮಾಡಿದ್ದೀಯಾ."

ಅವಳು ಅತ್ತಳು. ಅಳಲಿ ಎಂದು ಬಿಟ್ಟೆ. ಸ್ವಲ್ಪ ಹೊತ್ತಿಗೆ ಮೂಗೆಳೆದುಕೊಂಡು, "ಅಮ್ಮಂಗೆ ಹೇಳ್ಬೇಕಲ್ಲ. ಇಬ್ರು ಹೆಣ್ಣುಮಕ್ಕಳೂ ಒಂದೇ ದಿನ ಕೆಲಸ ಕಳ್ಕೊಂಡ್ರು ಅಂತ. ನಾನೇ ಬಂದು ಹೇಳ್ತೀನಿ, ನೀನು ಸುಮ್ನಿರು" ಎಂದಳು.

"ಈಗ್ಲೇ ಬಂದ್ರೆ ಕಾಲು ಮುರೀತೀನಿ" ಎಂದು ಎದ್ದೆ. "ನೀನು ಊಟದ ಹೊತ್ತಿಗೆ ಬಾ. ಅಮ್ಮಂಗೆ ನಾನು ಹೇಳ್ತೀನಿ. ಇದೊಂದನ್ನಾದ್ರೂ ನಾನು ಮೊದಲು ಮಾಡ್ತೀನಿ."